ಊರು ಕೂತು ಮಾತಾಡಿದರೆ ಯೋಜನೆ

ಆನೆ ದಾಟುವ ದಾರಿಯಲ್ಲಿ ಬೀದಿದೀಪ ಹಾಕಿಸಬೇಕೆ? ಶಾಲೆಗೆ ಮೊದಲು ಶೌಚಾಲಯವೋ, ಕಾಂಪೌಂಡ್ ಗೋಡೆಯೋ? ಬೇಸಗೆಯಲ್ಲಿ ಬತ್ತುವ ಬಾವಿಯ ಹೂಳು ತೆಗೆಸುವುದು ಸರಿಯೋ, ಹೊಸ ಕೊಳವೆಬಾವಿ ಕೊರೆಸುವುದು ಸರಿಯೋ? ಇಂಥ ಪ್ರಶ್ನೆಗಳಿಗೆ ತೀರ್ಮಾನ ಹೇಳಬೇಕಾದವರು ಯಾರು ಎಂದು ಶಾಲಾ ಕಾಲೇಜುಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ‘ಸರ್ಕಾರ’. ಉತ್ತರ ತಪ್ಪಲ್ಲ. ಆದರೆ ಆ ಸರ್ಕಾರದ ಒಂದು ಭಾಗ ನಿಮ್ಮ ಊರಿನ ಸಮುದಾಯ ಭವನದ ಜಮಖಾನೆಯ ಮೇಲೆ ಕೂರುತ್ತದೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಅದರ ಹೆಸರು ಗ್ರಾಮಸಭೆ.

ಪರದೆಯ ಮೇಲಿನ ಚರ್ಚೆಯಲ್ಲಿ ಸಮಯದ ಮಿತಿಯಿಂದಾಗಿ ಕೆಲವು ವಿಷಯಗಳು ಬಿಟ್ಟುಹೋಗುತ್ತವೆ. ಈ ಸಭೆಯ ಬಲ ಎಲ್ಲಿಂದ ಬಂತು, ಅದು ಹೇಗೆ ನಡೆಯುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ. ಉದಾಹರಣೆಗೆ ಹಾಸನ ಜಿಲ್ಲೆಯ ಆಲೂರು ಮತ್ತು ಸಕಲೇಶಪುರದ ಬೆಟ್ಟದ ಸಾಲನ್ನೇ ತೆಗೆದುಕೊಳ್ಳೋಣ. ಕಾಫಿ ತೋಟ, ಕಣಿವೆಯ ಭತ್ತದ ಗದ್ದೆ, ಹೇಮಾವತಿಯ ಹಿನ್ನೀರು, ಅವುಗಳ ನಡುವೆ ಓಡಾಡುವ ಕಾಡಾನೆಗಳು. ಯೋಜನೆ ಮಾಡುವುದು ಸುಲಭವಲ್ಲದ ನೆಲ ಇದು. ಆದ್ದರಿಂದಲೇ ಒಳ್ಳೆಯ ಪಾಠ.

ಬಲ ಬಂದದ್ದು ಎಲ್ಲಿಂದ?

ಹಳ್ಳಿಯ ಹಿರಿಯರು ಅರಳಿಕಟ್ಟೆಯ ಮೇಲೆ ಕೂತು ನ್ಯಾಯ ಹೇಳುತ್ತಿದ್ದ ಪದ್ಧತಿ ನಮ್ಮಲ್ಲಿ ಹಳೆಯದು. ಆದರೆ ಆ ಕಟ್ಟೆಯ ಮೇಲೆ ಎಲ್ಲ ಜಾತಿಯವರಿಗೂ ಜಾಗವಿರಲಿಲ್ಲ, ಹೆಂಗಸರಿಗಂತೂ ಇರಲೇ ಇಲ್ಲ. ಇಂದಿನ ಗ್ರಾಮಸಭೆ ಆ ಕಟ್ಟೆಯ ಮುಂದುವರಿಕೆಯಲ್ಲ, ಕಾನೂನಿನಿಂದ ಹುಟ್ಟಿದ ಸಭೆ.

ಕರ್ನಾಟಕದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯತ್ ರಾಜ್ ಮಂತ್ರಿಯಾಗಿದ್ದಾಗ 1983ರಲ್ಲಿ ರೂಪುಗೊಂಡ ಕಾಯ್ದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದಿತು. 1987ರಲ್ಲಿ ಅವುಗಳಿಗೆ ಚುನಾವಣೆ ನಡೆಯಿತು. ಊರೂರಿಗೂ ಕೊಳವೆಬಾವಿ ಕೊರೆಸಿದ ಆ ಮಂತ್ರಿಯನ್ನು ಜನ ‘ನೀರ್ ಸಾಬ್’ ಎಂದೇ ಕರೆದರು. ಅನಂತರ ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯೂ ಜಾರಿಯಾಯಿತು. ಸಂವಿಧಾನದ 243ಎ ವಿಧಿ ಗ್ರಾಮಸಭೆಯನ್ನು ಹೆಸರಿಸುತ್ತದೆ. 243ಜಿ ವಿಧಿ ಆರ್ಥಿಕ ಅಭಿವೃದ್ಧಿ ಮತ್ತು ಸಾಮಾಜಿಕ ನ್ಯಾಯಕ್ಕಾಗಿ ಯೋಜನೆ ತಯಾರಿಸುವ ಕೆಲಸವನ್ನು ಪಂಚಾಯಿತಿಗಳಿಗೆ ವಹಿಸಬಹುದೆಂದು ಹೇಳಿ, ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳನ್ನು ಪಟ್ಟಿ ಮಾಡುತ್ತದೆ. ಕುಡಿಯುವ ನೀರು, ರಸ್ತೆ, ಪ್ರಾಥಮಿಕ ಶಿಕ್ಷಣ, ಸಣ್ಣ ನೀರಾವರಿ, ಸಾಮಾಜಿಕ ಅರಣ್ಯ ಎಲ್ಲವೂ ಅದರಲ್ಲಿವೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಗ್ರಾಮ ಪಂಚಾಯಿತಿ ಎಂದರೆ ನಾವು ಆರಿಸಿ ಕಳಿಸಿದ ಸದಸ್ಯರ ಮಂಡಳಿ. ಗ್ರಾಮಸಭೆ ಎಂದರೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ. ಹದಿನೆಂಟು ತುಂಬಿ ಹೆಸರು ಸೇರಿಸಿದ ದಿನ ನೀವು ಯಾವ ಚುನಾವಣೆಗೂ ನಿಲ್ಲದೆ ಈ ಸಭೆಯ ಸದಸ್ಯರಾಗುತ್ತೀರಿ. ಆ ಸದಸ್ಯತ್ವಕ್ಕೆ ಐದು ವರ್ಷದ ಅವಧಿ ಎಂಬುದಿಲ್ಲ.

ವಾರ್ಡಿನಿಂದ ಗ್ರಾಮಕ್ಕೆ

ಕೆಲಸ ಶುರುವಾಗುವುದು ವಾರ್ಡ್ ಸಭೆಯಿಂದ. ಕನಿಷ್ಠ ಆರು ತಿಂಗಳಿಗೊಮ್ಮೆ ವಾರ್ಡಿನ ಮತದಾರರು ಸೇರಬೇಕು. ಹತ್ತನೇ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಹಾಜರಿದ್ದರೆ ಮಾತ್ರ ಸಭೆ ನಡೆಯಬಹುದು. ಇದನ್ನೇ ಕೋರಂ ಎನ್ನುವುದು. ವಾರ್ಡಿಗೆ ಬೇಕಾದ ಕೆಲಸಗಳು, ಮನೆ ಅಥವಾ ಪಿಂಚಣಿಯ ಫಲಾನುಭವಿಗಳ ಹೆಸರು ಇಲ್ಲಿ ಮೊದಲು ಚರ್ಚೆಯಾಗುತ್ತವೆ. ಅಲ್ಲಿಂದ ಬಂದ ಪಟ್ಟಿಗಳು ಇಡೀ ಪಂಚಾಯಿತಿಯ ಗ್ರಾಮಸಭೆಗೆ ಹೋಗುತ್ತವೆ. ಅದೂ ಕನಿಷ್ಠ ಆರು ತಿಂಗಳಿಗೊಮ್ಮೆ ಸೇರಬೇಕು. ಅದರ ಕೋರಂ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ಬಂದವರಲ್ಲಿ ಶೇಕಡ 30ಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ, ಪಂಗಡದವರು ಅವರ ಜನಸಂಖ್ಯೆಗೆ ತಕ್ಕಷ್ಟು ಇರಬೇಕು.

ಗ್ರಾಮಸಭೆಯಲ್ಲಿ ಅಧ್ಯಕ್ಷರು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನೋಡಲ್ ಅಧಿಕಾರಿ, ವಿವಿಧ ಇಲಾಖೆಗಳ ಪ್ರತಿನಿಧಿಗಳು ಕೂರುತ್ತಾರೆ. ಹಿಂದಿನ ಸಭೆಯ ನಿರ್ಣಯಗಳು ಏನಾದವು ಎಂದು ಮೊದಲು ಓದಬೇಕು. ಆಮೇಲೆ ಹೊಸ ಕಾರ್ಯಸೂಚಿ. ಕೊನೆಗೆ ಕೆಲಸಗಳನ್ನು ಆದ್ಯತೆಯ ಪ್ರಕಾರ ಜೋಡಿಸಿ, ಹಣದ ಲೆಕ್ಕ ಹಾಕಿ, ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆ ಸಿದ್ಧವಾಗುತ್ತದೆ.

ಹಣದ ಲೆಕ್ಕ ಎಂದಾಗ ಒಂದು ಸಂಗತಿ ನೆನಪಿಡಬೇಕು. ಬರುವ ಹಣವೆಲ್ಲ ಸಭೆಯ ಇಷ್ಟದಂತೆ ಖರ್ಚು ಮಾಡುವುದಲ್ಲ. 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅವಧಿಯಲ್ಲಿ ಗ್ರಾಮೀಣ ಸಂಸ್ಥೆಗಳ ಅನುದಾನದ ಶೇಕಡ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆಂದೇ ಮೀಸಲಾಗಿತ್ತು. ಉಳಿದ 40ರಲ್ಲೇ ಊರಿನ ಮಿಕ್ಕ ಆಸೆಗಳೆಲ್ಲ ಹಿಡಿಯಬೇಕು. ಆದ್ದರಿಂದ ಯೋಜನೆ ಎಂದರೆ ಬೇಕಾದದ್ದರ ಪಟ್ಟಿ ಬರೆಯುವುದಷ್ಟೇ ಆಗಲಾರದು. ಈ ವರ್ಷ ಯಾವುದನ್ನು ಬಿಡೋಣ ಎಂದು ಎಲ್ಲರೆದುರಿಗೆ ಒಪ್ಪಿಕೊಳ್ಳುವುದೇ ಅದರ ಕಷ್ಟದ ಭಾಗ.

ಬೆಟ್ಟದ ಊರಿನ ಲೆಕ್ಕ ಬೇರೆ

ಬಯಲುಸೀಮೆಯ ಊರಿನಲ್ಲಿ ಡಂಗೂರ ಹೊಡೆದರೆ ಎಲ್ಲ ಮನೆಗೂ ಕೇಳುತ್ತದೆ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಗುಡ್ಡ ಹತ್ತಿ ಇಳಿಯಬೇಕು. ಕಾಯ್ದೆಯೂ ಇದನ್ನು ಗಮನಿಸಿದೆ. ಸಾಮಾನ್ಯವಾಗಿ 5000ದಿಂದ 7000 ಜನಸಂಖ್ಯೆಗೆ ಒಂದು ಗ್ರಾಮ ಪಂಚಾಯಿತಿ. ಆದರೆ ಹಾಸನವೂ ಸೇರಿದಂತೆ ಮಲೆನಾಡು, ಕರಾವಳಿಯ ಜಿಲ್ಲೆಗಳಲ್ಲಿ 2500 ಜನಸಂಖ್ಯೆಗೂ ಒಂದು ಪಂಚಾಯಿತಿ ಇರಬಹುದು.

ಜಾಗದ ತೊಂದರೆಯನ್ನು ಕಾಯ್ದೆ ನೋಡಿತು. ಕಾಲದ ತೊಂದರೆಯನ್ನು ಊರೇ ನೋಡಿಕೊಳ್ಳಬೇಕು. 2018ರಲ್ಲಿ ದೇಶದಾದ್ಯಂತ ನಡೆದ ಜನರ ಯೋಜನಾ ಅಭಿಯಾನಕ್ಕೆ ಅಕ್ಟೋಬರ್ 2ರಿಂದ ಡಿಸೆಂಬರ್ 31ರವರೆಗೆ ಅವಧಿ ಗೊತ್ತುಪಡಿಸಿದ್ದರು. ದೆಹಲಿಯ ಕ್ಯಾಲೆಂಡರಿಗೆ ಅದು ಸರಿಯಾದ ಕಾಲ. ಆಲೂರು ಸೀಮೆಯಲ್ಲಿ ಅದೇ ಹೊತ್ತಿಗೆ ಭತ್ತ ಹಾಲುಗಟ್ಟಿ ತೆನೆ ಬಾಗುತ್ತದೆ, ಆನೆಗಳು ಗದ್ದೆಗೆ ಇಳಿಯುತ್ತವೆ, ವರ್ಷದ ಕೊನೆಗೆ ಕಾಫಿ ಹಣ್ಣು ಕೊಯ್ಲೂ ಶುರುವಾಗುತ್ತದೆ. ರಾತ್ರಿಯಿಡೀ ಗದ್ದೆ ಕಾದವರು ಬೆಳಗ್ಗೆ ಹನ್ನೊಂದಕ್ಕೆ ಸಭೆಗೆ ಬರಲಾರರು. ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರು ಒಂದು ದಿನದ ಸಂಬಳ ಬಿಟ್ಟು ಬರಬೇಕು. ಯಾರ ಕಷ್ಟ ಹೆಚ್ಚೋ ಅವರ ಕುರ್ಚಿಯೇ ಖಾಲಿ. ಇದು ಯಾರದೋ ಕುತಂತ್ರವಲ್ಲ, ದಿನ ಗೊತ್ತುಮಾಡುವಾಗ ಆಗುವ ಅಜಾಗ್ರತೆ. ಆದರೆ ಫಲ ಒಂದೇ: ಬಾರದವರ ಬೇಡಿಕೆ ಪಟ್ಟಿಗೆ ಸೇರುವುದಿಲ್ಲ.

ಆನೆಯನ್ನು ಕಾರ್ಯಸೂಚಿಗೆ ತರುವುದು ಹೇಗೆ?

ಈ ಸೀಮೆಯ ಯಾವ ಸಭೆಯಲ್ಲೂ ಆನೆಯ ಮಾತು ಬರದೆ ಇರುವುದಿಲ್ಲ. 2014ರಲ್ಲಿ ಈ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ಆನೆಗಳು ಬರುವುದು ನಿಲ್ಲಲಿಲ್ಲ. ಮೈಸೂರು ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಕಾರ್ಯಾಚರಣೆಯಲ್ಲೇ ಸತ್ತದ್ದು ನಿಮಗೆ ನೆನಪಿರಬಹುದು.

ಸಭೆಯಲ್ಲಿ ‘ಆನೆ ಓಡಿಸಿ’ ಎಂದು ಎಲ್ಲರೂ ಕೂಗಿದರೆ ಅಧಿಕಾರಿ ‘ಮೇಲಿನವರ ಗಮನಕ್ಕೆ ತರುತ್ತೇವೆ’ ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಮಿಶ್ರಣವನ್ನು ಬೇರ್ಪಡಿಸುವಂತೆ ಈ ಸಮಸ್ಯೆಯನ್ನು ಮೂರು ಭಾಗ ಮಾಡಿ ನೋಡಿ.

ಮೊದಲನೆಯದು, ಪಂಚಾಯಿತಿಯ ಕೈಯಲ್ಲೇ ಇರುವುದು. ಮಕ್ಕಳು ಶಾಲೆಗೆ ನಡೆಯುವ ದಾರಿಯ ಪೊದೆ ಸವರಿಸುವುದು, ದೀಪ ಹಾಕಿಸುವುದು, ಕತ್ತಲಲ್ಲಿ ಹೊರಗೆ ಹೋಗಬೇಕಾಗದಂತೆ ಪ್ರತಿ ಮನೆಗೂ ಶೌಚಾಲಯ.

ಎರಡನೆಯದು, ಇಲಾಖೆಗಳ ಕೈಯಲ್ಲಿರುವುದು. ಬೆಳೆ ಪರಿಹಾರ ಅರಣ್ಯ ಇಲಾಖೆಯದು. ಸಂಜೆಯ ಬಸ್ಸನ್ನು ಕತ್ತಲಾಗುವ ಮುಂಚೆ ಬಿಡುವುದು ಸಾರಿಗೆ ಸಂಸ್ಥೆಯದು. ಆನೆಗಳ ಗುಂಪು ಹತ್ತಿರವಿದ್ದಾಗ ಮೊಬೈಲಿಗೆ ಸಂದೇಶ ಕಳಿಸುವ, ಕೂಡುರಸ್ತೆಯಲ್ಲಿ ಕೆಂಪು ದೀಪ ಮಿನುಗಿಸುವ ಮುನ್ಸೂಚನಾ ವ್ಯವಸ್ಥೆಯನ್ನು ಹಾಸನ ಜಿಲ್ಲೆಯಲ್ಲಿ ಅರಣ್ಯ ಇಲಾಖೆ ಮತ್ತು ವನ್ಯಜೀವಿ ಸಂಶೋಧಕರು ಸೇರಿ ರೂಪಿಸಿದರು. ಇಂಥ ದೀಪ ಯಾವ ಕೂಡುರಸ್ತೆಗೆ ಬೇಕು ಎಂದು ಹೇಳಬಲ್ಲವರು ಅಲ್ಲಿ ದಿನವೂ ಓಡಾಡುವವರೇ.

ಮೂರನೆಯದು, ರಾಜ್ಯ ಮತ್ತು ಕೇಂದ್ರದ ಮಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಆನೆ ಅತ್ಯುನ್ನತ ರಕ್ಷಣೆಯ ಪಟ್ಟಿಯಲ್ಲಿದೆ. ಅದನ್ನು ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶ ಬೇಕು. ಇಲ್ಲಿ ಸಭೆ ಮಾಡಬಹುದಾದ್ದು ನಿರ್ಣಯ ಮಾತ್ರ. ಆದರೆ ಯಾವ ತಿಂಗಳು, ಯಾವ ಸರ್ವೆ ನಂಬರು, ಎಷ್ಟು ನಷ್ಟ ಎಂಬ ವಿವರವಿರುವ ನಿರ್ಣಯಕ್ಕೂ ಬರಿಯ ಕೂಗಿಗೂ ಬಹಳ ಅಂತರವಿದೆ.

ಕಂಪನಿ ಕಟ್ಟಿದ ಊರು

ಇಂಥ ಸಭೆಯೇ ಇಲ್ಲದೆ ಊರು ಬೆಳೆದರೆ ಏನಾಗುತ್ತದೆ? ಇದನ್ನು ತಿಳಿಯಲು ರಾಜ್ಯದ ಇನ್ನೊಂದು ತುದಿಗೆ, ಒಣ ನೆಲದ ಕೋಲಾರ ಜಿಲ್ಲೆಗೆ ಹೋಗೋಣ. ಅದಕ್ಕೂ ಈ ಬೆಟ್ಟಗಳಿಗೂ ಒಂದು ನಂಟಿದೆ: ಸಕಲೇಶಪುರದ ಹಳ್ಳಗಳ ನೀರನ್ನು ಕೋಲಾರದವರೆಗೆ ಒಯ್ಯಬೇಕೆಂಬುದೇ ಎತ್ತಿನಹೊಳೆ ಯೋಜನೆ. ಅದರ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲೇ ಉದ್ಘಾಟನೆಯಾಯಿತು.

ಕೋಲಾರ ಚಿನ್ನದ ಗಣಿ, ನಾವೆಲ್ಲ ಕೆ.ಜಿ.ಎಫ್. ಎನ್ನುವ ಊರು, 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಕೈಯಲ್ಲಿ ಬೆಳೆಯಿತು. 1902ರಲ್ಲಿ ಶಿವನಸಮುದ್ರದಿಂದ ಅಲ್ಲಿಗೆ ವಿದ್ಯುತ್ ಬಂತು. ಬೇತಮಂಗಲದ ಕೆರೆಯಿಂದ ನೀರು ಬಂತು. ಆಸ್ಪತ್ರೆ, ಕ್ಲಬ್ಬು, ಬಂಗಲೆಗಳು ಬಂದವು. ಕಾರ್ಮಿಕರಿಗೆ ಇಕ್ಕಟ್ಟಿನ ಸಾಲು ಮನೆಗಳು ಬಂದವು. ಸುತ್ತಲಿನ ಹಳ್ಳಿಗಳು ಕಂದೀಲು ಹಚ್ಚುತ್ತಿದ್ದ ಕಾಲದಲ್ಲಿ ಗಣಿ ಬೆಳಗುತ್ತಿತ್ತು. ಆದರೆ ಯಾವ ಬೀದಿ ಎಲ್ಲಿ, ಯಾರಿಗೆ ಎಂಥ ಮನೆ ಎಂಬ ತೀರ್ಮಾನವೆಲ್ಲ ಕಂಪನಿಯದು.

ಅಲ್ಲಿನ ಜನರಿಗೆ ಒಟ್ಟಾಗುವುದು ತಿಳಿದಿರಲಿಲ್ಲ ಎಂದಲ್ಲ. ಬೆರಳಚ್ಚು ನೋಂದಣಿಯನ್ನು ವಿರೋಧಿಸಿ 1930ರಲ್ಲಿ ಗಣಿ ಕಾರ್ಮಿಕರು ಹೂಡಿದ ಮುಷ್ಕರ ಇತಿಹಾಸದಲ್ಲಿ ದಾಖಲಾಗಿದೆ. ಮುಂದೆ ಬಲವಾದ ಕಾರ್ಮಿಕ ಸಂಘಗಳೂ ಬೆಳೆದವು. ಆದರೆ ಸಂಘದ ಸಭೆ ಮುಖ್ಯವಾಗಿ ಕೂಲಿ ಮತ್ತು ಕೆಲಸದ ಮಾತಿಗೆ. ಊರಿನ ನಾಳೆಯ ಮಾತಿಗೆ ಬೇರೆ ಜಗಲಿ ಇರಲಿಲ್ಲ. ಗಣಿ 1956ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು, ಆಮೇಲೆ ಕೇಂದ್ರದ ಕೈಗೆ ಹೋಯಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ಸುಮಾರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಆ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತು. ಉಳಿದದ್ದು ಬೆಟ್ಟದಂತಹ ಸಯನೈಡ್ ಮಣ್ಣಿನ ದಿಬ್ಬಗಳು, ಮುಂಜಾನೆ ಬೆಂಗಳೂರಿಗೆ ಕೂಲಿ ನೌಕರಿಗೆ ಹೊರಡುವ ತುಂಬಿದ ರೈಲುಗಳು. ‘ಇನ್ನು ಮುಂದೇನು?’ ಎಂದು ಊರು ಕೇಳುವ ಹೊತ್ತಿಗೆ ಉತ್ತರ ಹೇಳಬೇಕಾದ ಕಂಪನಿಯೇ ಬಾಗಿಲು ಹಾಕಿತ್ತು.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಪಟ್ಟಣಗಳಿಗೆ ಅನ್ವಯಿಸುವ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಪುರಸಭೆ, ಪಾಲಿಕೆಗಳಿಗೆ ಮಾತ್ರ. ಗ್ರಾಮಸಭೆಯಂಥ ಸಭೆ ಪಟ್ಟಣಕ್ಕಿಲ್ಲ. ಪಟ್ಟಣ ಪಂಚಾಯಿತಿಯಿರುವ ಆಲೂರು ಪೇಟೆಯಾಗಲಿ, ನಗರಸಭೆಯಿರುವ ಕೆ.ಜಿ.ಎಫ್. ಆಗಲಿ ಈ ಕಡ್ಡಾಯದ ಆಚೆಗೆ ಉಳಿಯುತ್ತವೆ. ಅಂದರೆ ಪೇಟೆಯ ಗಡಿ ದಾಟಿದ ಹಳ್ಳಿಯವರಿಗೆ ಸಂವಿಧಾನ ಕೊಟ್ಟ ಸಭೆ, ಪೇಟೆಯವರಿಗಿಲ್ಲ.

ಸಭೆ ‘ಬೇಡ’ ಎಂದಾಗ

ಸಭೆಯ ಮಾತಿಗೆ ಎಷ್ಟು ತೂಕ? ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೆ ಎಂಬ ಪ್ರಶ್ನೆಯನ್ನು ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಗ್ರಾಮಸಭೆಗಳ ಮುಂದೆ ಇಡುವಂತೆ ಸುಪ್ರೀಂ ಕೋರ್ಟು 2013ರ ಏಪ್ರಿಲ್ 18ರಂದು ಆದೇಶಿಸಿತು. ಹನ್ನೆರಡು ಹಳ್ಳಿಗಳಲ್ಲಿ ಸಭೆ ನಡೆಯಿತು. ಹನ್ನೆರಡೂ ಬೇಡವೆಂದವು. ಗಣಿ ಬರಲಿಲ್ಲ.

ಎಲ್ಲ ಸಭೆಗೂ ಈ ಬಲವಿದೆ ಎಂದು ತಿಳಿಯಬಾರದು. ನಿಯಮಗಿರಿಗೆ ಆ ತೂಕ ಕೊಟ್ಟದ್ದು ವಿಶೇಷ ಕಾಯ್ದೆ. ಪಶ್ಚಿಮ ಘಟ್ಟದ ವಿಷಯ ನೋಡಿ. 2011ರಲ್ಲಿ ಮಾಧವ ಗಾಡ್ಗೀಳ್ ಸಮಿತಿ ತನ್ನ ಶಿಫಾರಸುಗಳನ್ನು ಗ್ರಾಮಸಭೆಗಳ ಮುಂದಿಟ್ಟು ಚರ್ಚಿಸಬೇಕೆಂದಿತು. 2013ರಲ್ಲಿ ಕಸ್ತೂರಿರಂಗನ್ ಸಮಿತಿ ಸೂಕ್ಷ್ಮ ಪ್ರದೇಶದ ಹಳ್ಳಿಗಳ ಪಟ್ಟಿ ಕೊಟ್ಟಿತು. ಸಕಲೇಶಪುರ, ಆಲೂರು ಭಾಗದ ಹಳ್ಳಿಗಳೂ ಅದರಲ್ಲಿದ್ದವು. 2014ರಿಂದ 2024ರ ಜುಲೈವರೆಗೆ ಕೇಂದ್ರ ಸರ್ಕಾರ ಆರು ಬಾರಿ ಕರಡು ಅಧಿಸೂಚನೆ ಹೊರಡಿಸಿತು. ಕರಡಿಗೆ ಆಕ್ಷೇಪಣೆ ಸಲ್ಲಿಸಲು ಸಿಗುವ ಕಾಲ 60 ದಿನ. ಗ್ರಾಮಸಭೆ ಸೇರುವುದು ಆರು ತಿಂಗಳಿಗೊಮ್ಮೆ! ಲೆಕ್ಕ ತಪ್ಪುವುದು ಇಲ್ಲೇ. ಆದರೆ ಕಾಯ್ದೆಯಲ್ಲೇ ಒಂದು ದಾರಿಯಿದೆ: ಶೇಕಡ 10ರಷ್ಟು ಮತದಾರರು ವಿಷಯ ಬರೆದು ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಬೇಕು. ಪರ ಇರಲಿ, ವಿರೋಧ ಇರಲಿ, ವರದಿಯನ್ನು ಓದಿ ಚರ್ಚಿಸಿ ಹೇಳಿದ ಮಾತು ಪೇಟೆಯ ಗಾಳಿಸುದ್ದಿಗಿಂತ ಗಟ್ಟಿ.

ನಡಾವಳಿ ಪುಸ್ತಕ

ಚಿತ್ರೀಕರಣಕ್ಕೆಂದು ನಾವು ಹೋಗಿದ್ದ ಒಂದು ಸಭೆಯ ನೆನಪು ಹೇಳುತ್ತೇನೆ. ಕ್ಯಾಮೆರಾ ಕಂಡದ್ದೇ ತಡ, ವೇದಿಕೆಯ ಮಾತುಗಳು ಉದ್ದವಾದವು. ಒಳ್ಳೆಯ ದೃಶ್ಯಗಳು ಸಿಕ್ಕವು ಎಂದು ನಾವೂ ಹಿಗ್ಗಿದೆವು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು ಎದ್ದು ನಿಂತರು. “ದೀಪ ಹಾಕಿಸ್ತೀವಿ ಅಂತ ಹೋದ್ ಸಲಾನೂ ಹೇಳಿದ್ರಿ ಸ್ವಾಮಿ. ಆ ಪುಸ್ತಕದಲ್ಲಿ ಬರ್ದಿದ್ದೀರಾ? ಅದನ್ನ ಓದಿ” ಎಂದರು. ಪುಸ್ತಕ ತೆರೆದರು. ದೀಪದ ಮಾತು ಅದರಲ್ಲಿರಲಿಲ್ಲ. “ಹಂಗಾರೆ ಈಗ ಬರೀರಿ. ಬರೆಯೋಗಂಟ ನಾನು ಕೂರಾಕಿಲ್ಲ” ಎಂದು ಅವರು ನಿಂತೇ ಇದ್ದರು. ಬರೆದರು. ಓದಿ ಹೇಳಿದರು. ಆಮೇಲೆ ಅವರು ಕೂತರು.

ಪ್ರಯೋಗಾಲಯದಲ್ಲಿ ನಮ್ಮ ಮೇಷ್ಟರು ಹೇಳುತ್ತಿದ್ದರು: ರೆಕಾರ್ಡಿನಲ್ಲಿ ಇಲ್ಲದ ಪ್ರಯೋಗ ನಡೆದೇ ಇಲ್ಲ. ಸಭೆಗೂ ಇದೇ ನಿಯಮ. ನಮ್ಮ ಕ್ಯಾಮೆರಾ ಹಿಡಿದದ್ದು ಮಾತನ್ನು. ಮುಂದಿನ ಆರು ತಿಂಗಳಿಗೆ ಸಾಕ್ಷಿಯಾಗುವುದು ನಡಾವಳಿ. ಬರೆದ ನಿರ್ಣಯದ ಮೇಲೆ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ನಕಲು ಪಡೆಯಬಹುದು. ಬರೆಯದ ಮಾತಿಗೆ ಇದಾವುದೂ ಇಲ್ಲ.

ಬರೆದರೂ ಎಲ್ಲವೂ ಆಗುತ್ತದೆ ಎಂದೇನಿಲ್ಲ. ಹಳ್ಳಿಯ ಯೋಜನೆ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಮೂಲಕ ಜಿಲ್ಲಾ ಯೋಜನೆಯಲ್ಲಿ ಸೇರಬೇಕು. ಕರ್ನಾಟಕದಲ್ಲಿ ಈ ಎರಡು ಹಂತದ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಏಣಿಯ ನಡುವಿನ ಮೆಟ್ಟಿಲು ಇಲ್ಲದಿದ್ದಾಗ ಕೆಳಗಿನವರ ದನಿ ಇನ್ನೂ ಗಟ್ಟಿಯಾಗಿರಬೇಕಾಗುತ್ತದೆ.

ನೀವು ಮಾಡಬಹುದಾದ್ದು

ಹದಿನೆಂಟು ತುಂಬದವರಿಗೂ ಜಾಗವಿದೆ. ಕರ್ನಾಟಕದ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು. ನಿಮ್ಮ ಶಾಲೆಯ ದಾರಿ, ನೀರು, ಶೌಚಾಲಯದ ಮಾತನ್ನು ಅಲ್ಲಿ ಎತ್ತಬಹುದು. ಅದಕ್ಕೆ ಮುಂಚೆ ಒಂದು ವಾರ ತಯಾರಿ ಮಾಡಿ. ಶಾಲೆಗೆ ಬರುವ ದಾರಿಯ ನಕ್ಷೆ ಬರೆಯಿರಿ. ಎಲ್ಲಿ ಕತ್ತಲು, ಎಲ್ಲಿ ಹಳ್ಳ ತುಂಬುತ್ತದೆ, ಎಲ್ಲಿ ಆನೆ ದಾಟುತ್ತದೆ ಎಂದು ಗುರುತು ಹಾಕಿ. ಸಮಸ್ಯೆಗಳನ್ನು ಮೇಲೆ ಹೇಳಿದ ಮೂರು ಭಾಗಗಳಲ್ಲಿ ಹಂಚಿ.

ಕಾಲೇಜಿನವರು ನಿಮ್ಮ ಪಂಚಾಯಿತಿಯ ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಹುಡುಕಿ, ಅದರಲ್ಲಿರುವ ಕೆಲಸ ನೆಲದ ಮೇಲೆ ಇದೆಯೇ ಎಂದು ನೋಡಿ ಬನ್ನಿ. ಮುಂದಿನ ಸಭೆಯ ದಿನ ತಿಳಿದುಕೊಂಡು, ಓದಲು ಬಾರದ ನೆರೆಯವರೊಬ್ಬರನ್ನು, ಲೈನ್ ಮನೆಯ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆದಿದ್ದಾರೆಯೇ ಎಂದು ಓದಿ ತಿಳಿಸಿ.

ಆ ದೀಪ ಬಂತೇ ಎಂದು ನೀವು ಕೇಳಬಹುದು. ಆರು ತಿಂಗಳ ಮೇಲೆ ನಾವು ಅದೇ ದಾರಿಯಲ್ಲಿ ಹಾದುಹೋದಾಗ ಒಂದು ಕಂಬದಲ್ಲಿ ದೀಪ ಉರಿಯುತ್ತಿತ್ತು. ಆ ಹೆಂಗಸು ಕೇಳಿದ್ದು ಮೂರು ಕಂಬಕ್ಕೆ. ಉಳಿದ ಎರಡರ ಮಾತು ಮುಂದಿನ ಸಭೆಗೆ.